ಬೇಲಿಗೆ ಕವಳಿ ಹಾಕಿ ನೋಡಿ

ತೋಟದ ಬೇಲಿಗೆ ಯಾವ ಗಿಡ ಅಂತ ಯಾರು ಕೇಳಿದರೂ ನಾನು ಹೇಳುವುದು ಕವಳಿ, ಕರಾವಳಿಯವರ ಕರಂಡೆ. ದನ ಬಾಯಿ ಹಾಕುವುದಿಲ್ಲ, ಬೇಸಿಗೆಗೆ ಒಣಗುವುದಿಲ್ಲ, ಮೇಲಿಂದ ಉಪ್ಪಿನಕಾಯಿಗೂ ಆಯ್ತು.

ಬೀಜ ತರಲು ಶಿರಸಿ ಕಡೆಯ ಬೆಟ್ಟಕ್ಕೆ ಹೋದಾಗ ನಾನು ಮೊದಲು ಎಲೆ ಚಿವುಟಿ ನೋಡುತ್ತೇನೆ. ಬಿಳಿ ಹಾಲು ಒಸರಬೇಕು. ಎಲೆ ದಪ್ಪ, ಎದುರುಬದುರು ಜೋಡಿ. ಗಟ್ಟಿ ಮುಳ್ಳು, ಎಷ್ಟೋ ಕಡೆ ತುದಿ ಎರಡಾಗಿ ಕವಲೊಡೆದಿರುತ್ತದೆ. ಕಾರೆ ಗಿಡಕ್ಕೂ ಜೋಡಿ ಎಲೆ, ಜೋಡಿ ಮುಳ್ಳು ಇದೆ, ಆದರೆ ಹಾಲಿಲ್ಲ. ಬೋರೆಯದು ಒಂಟಿ ಎಲೆ, ಬುಡದಿಂದಲೇ ಮೂರು ನರ, ಅಡಿಭಾಗ ಬೆಳ್ಳಗೆ. ಹಾಗಂತ ಹಾಲೊಂದನ್ನೇ ನಂಬಬೇಡಿ. ಕವಳಿ ಕಣಗಿಲೆಯ ಕುಟುಂಬದ್ದು, ಅದರಲ್ಲಿ ವಿಷದ ಗಿಡಗಳು ಜಾಸ್ತಿ. ಹಾಲು, ಮುಳ್ಳು, ಹಣ್ಣಿನೊಳಗೆ ಚಪ್ಪಟೆ ಬೀಜಗಳು, ಇಷ್ಟೂ ಕೂಡಿಬಂದರೆ ಮಾತ್ರ ಹಣ್ಣು ಬಾಯಿಗೆ.

ಬೀಜ ಇಟ್ಟಷ್ಟೂ ಕೆಡುತ್ತದೆ. ಪೂರ್ತಿ ಕಪ್ಪಾದ ಹಣ್ಣು ಹಿಚುಕಿ, ತೊಳೆದು, ನೆರಳಲ್ಲಿ ಆರಿಸಿ ತಡಮಾಡದೆ ಮಣ್ಣು ತುಂಬಿದ ಪಾಕೀಟಿಗೆ ಬಿತ್ತುತ್ತೇನೆ. ಮರುವರ್ಷ ಮಳೆ ಹಿಡಿದ ಮೇಲೆ ಎರಡರಿಂದ ಮೂರು ಅಡಿಗೊಂದರಂತೆ ನೆಟ್ಟು, ತುದಿ ಚಿವುಟುತ್ತಾ ಬಂದರೆ ಬುಡದಿಂದಲೇ ಮಟ್ಟಿ ಕಟ್ಟುತ್ತದೆ. ಮೂರನೇ ವರ್ಷದ ಹೊತ್ತಿಗೆ ಕಾಯಿ ಕಾಣಬಹುದು. ಬೀಜದ ಗಿಡದಲ್ಲಿ ಒಂದು ಸಿಹಿ, ಪಕ್ಕದ್ದು ಹಲ್ಲು ಚಳಿಗುಟ್ಟುವಷ್ಟು ಹುಳಿ. ರುಚಿಯಾದ ಗಿಡವೇ ಬೇಕೆಂದರೆ ಮಳೆಗಾಲದಲ್ಲಿ ಗೂಟಿ ಕಟ್ಟಿ (ಗಿಡದಲ್ಲಿರುವ ರೆಂಬೆಯ ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ ಅಲ್ಲೇ ಬೇರು ಬರಿಸುವುದು), ಸುಮ್ನೆ ಕಡ್ಡಿ ಊರಿದರೆ ಬೇರು ಬರುವುದು ಕಷ್ಟ. ಹೂ ರೆಂಬೆಯ ತುದಿಯಲ್ಲಿ ಬರುವುದರಿಂದ ಸವರುವ ಕೆಲಸ ಹಣ್ಣು ಮುಗಿದ ಕೂಡಲೇ ಆಗಬೇಕು. ಚಳಿಗಾಲದ ಕೊನೆಗೆ ಕತ್ತಿ ಹಾಕಿದರೆ ಆ ವರ್ಷದ ಫಸಲು ಹೋದಂತೆ.

ರಸ್ತೆ ಅಗಲ ಮಾಡುವಾಗ ಹಳೇ ಕವಳಿ ಮಟ್ಟಿಗಳು ಜೆಸಿಬಿ ಬಾಯಿಗೆ ಹೋಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅಂಥ ಕಡೆ ಸಿಹಿ ಗಿಡ ಗೊತ್ತಿದ್ದರೆ ಈಗಲೇ ಅದರ ಹಣ್ಣು ತಂದು ಬೀಜ ಹಾಕಿಡಿ.

ಉಪ್ಪಿನಕಾಯಿಗೆ ಮೇಲೆ ಕೆಂಪೇರುವ ಮೊದಲಿನ ಹಸಿರು ಕಾಯಿಯೇ ಚೆನ್ನ. ಸೀಳಿ ಉಪ್ಪುನೀರಿನಲ್ಲಿ ನೆನೆಸಿದರೆ ಹಾಲು ಬಿಡುತ್ತದೆ. ಬೇಕರಿ ಕೇಕಿನ ಮೇಲಿನ ಕೆಂಪು ಚೆರ್ರಿ ಎಷ್ಟೋ ಸಲ ಬಣ್ಣ ಹಾಕಿ ಪಾಕದಲ್ಲಿ ಅದ್ದಿದ ಇದೇ ಕಾಯಿ, ಗೊತ್ತಲ್ವಾ? ಜೆಲ್ಲಿ ಮಾಡುವುದಾದರೆ ಅರೆ ಹಣ್ಣಾದದ್ದನ್ನು ಆರಿಸಿಕೊಳ್ಳಿ, ಜೆಲ್ಲಿ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಪುಡಿ ಬೇರೆ ಬೇಕಾಗುವುದಿಲ್ಲ.