ಮನಾಲಿ–ಲೇಹ್ ಹಾದಿಯಲ್ಲಿ ಆಫ್‌ಲೈನ್ ನಕ್ಷೆ: ನನ್ನ ಅನುಭವ

ಹಿಮಾಚಲ ಪ್ರದೇಶದ ದಾರ್ಚಾ ಎಂಬ ಊರನ್ನು ದಾಟಿದ ಮೇಲೆ ಮನಾಲಿ–ಲೇಹ್ ರಸ್ತೆಯಲ್ಲಿ ಮೊಬೈಲ್ ನೆಟ್‌ವರ್ಕನ್ನು ನೆಚ್ಚಿಕೊಂಡು ಹೋಗುವಂತಿಲ್ಲ. ಮೇಲಾಗಿ ಕರ್ನಾಟಕದಲ್ಲಿ ಪಡೆದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದ ಬೆಂಗಳೂರಿನಿಂದ ಕಾರಿನಲ್ಲಿ ಲೇಹ್‌ಗೆ ಹೊರಟಾಗ ದಾರಿ ತೋರಿಸುವ ಹೊಣೆಯನ್ನು ಓಸ್ಮ್ಯಾಂಡ್ ಎಂಬ ಆಫ್‌ಲೈನ್ ನಕ್ಷೆಯ ಆ್ಯಪ್‌ಗೆ ವಹಿಸಿದೆ. 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಅದು ಬಳಸುತ್ತದೆ. ಫೋನಿನ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನೇರವಾಗಿ ಹಿಡಿಯುವುದರಿಂದ ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಆದರೆ ಡೇಟಾ ಇಲ್ಲದಿದ್ದಾಗ ಮೊದಲ ಸಲ ಸ್ಥಾನ ಗುರುತಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಗಾಗಿ ಬೆಳಿಗ್ಗೆ ಹೊರಡುವ ಮುನ್ನವೇ ಬಯಲಿನಲ್ಲಿ ನಿಂತು ಆ್ಯಪ್ ತೆರೆದಿಡುತ್ತಿದ್ದೆ.

ಮುಖ್ಯವಾದ ಕೆಲಸ ಮನೆಯಲ್ಲಿ ವೈಫೈ ಇರುವಾಗಲೇ ಮುಗಿಯಬೇಕು. ದಾರಿಯಲ್ಲಿ ಬರುವ ಪ್ರತಿ ರಾಜ್ಯದ ನಕ್ಷೆಯ ಜೊತೆಗೆ ಹಿಮಾಲಯದ ಭಾಗಕ್ಕೆ ಸಮೋನ್ನತ ರೇಖೆಗಳನ್ನೂ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು; ಒತ್ತಾಗಿದ್ದಷ್ಟೂ ಏರು ಕಡಿದು) ಡೌನ್‌ಲೋಡ್ ಮಾಡಿಕೊಂಡೆ. ಹಳೆಯ ನಕ್ಷೆ ಇದ್ದರೆ ಸಾಲದು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್‌ಗೆ ಹೋಗುವವರು ರೋಹ್ತಾಂಗ್ ಪಾಸ್ ಎಂಬ ಎತ್ತರದ ಬೆಟ್ಟದ ಹಾದಿಯನ್ನು ಹತ್ತಬೇಕಾಗಿಲ್ಲ. ಅದಕ್ಕೂ ಹಿಂದಿನ ನಕ್ಷೆಗೆ ಈ ಸುರಂಗ ಇರುವುದೇ ಗೊತ್ತಿಲ್ಲ. 9 ಕಿ.ಮೀ. ಉದ್ದದ ಸುರಂಗದೊಳಗೆ ಪರದೆಯ ಬಾಣ ನಿಂತೇ ಬಿಟ್ಟಿತು. ಆಚೆ ಬದಿಯಲ್ಲಿ ಹೊರಬಂದ ಸ್ವಲ್ಪ ಹೊತ್ತಿಗೆ ಚಂದ್ರಾ ನದಿಯ ಪಕ್ಕಕ್ಕೆ ತಾನಾಗಿ ಬಂದು ಸೇರಿತು.

ತಂಗುವ ಜಾಗ, ಪೆಟ್ರೋಲ್ ಬಂಕ್ ಮತ್ತು ಮಿಲಿಟರಿ ಆಸ್ಪತ್ರೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿದ್ದೆ. ಮುಂದಿನ ಬಂಕ್ 365 ಕಿ.ಮೀ. ದೂರವೆಂದು ಫಲಕ ಹಾಕಿ ಹೆಸರಾದ ತಾಂದಿಯ ಬಂಕ್ ಅವುಗಳಲ್ಲಿ ಮೊದಲನೆಯದು.

ಆ್ಯಪ್ ತೋರಿಸುವ ದೂರವನ್ನು ನಂಬಿದೆ, ಸಮಯವನ್ನು ನಂಬಲಿಲ್ಲ. ಗಾಟಾ ಲೂಪ್ಸ್‌ನಲ್ಲಿ 21 ಹಿಮ್ಮುರಿ ತಿರುವುಗಳು ಒಂದರ ಮೇಲೊಂದು ಬರುತ್ತವೆ; ಪರದೆಯಲ್ಲಿ ಅಲ್ಲಿನ ಸಮೋನ್ನತ ರೇಖೆಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿರುತ್ತವೆ. ರೇಖೆಗಳು ಹಾಗೆ ಒತ್ತಾಗಿರುವ ಕಡೆಯೆಲ್ಲ ಆ್ಯಪ್ ಹೇಳಿದ ಸಮಯಕ್ಕೆ ಅರ್ಧದಷ್ಟನ್ನು ಸೇರಿಸಿ ಲೆಕ್ಕ ಹಾಕಿದೆ. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ತೊರೆಗಳು ಮಧ್ಯಾಹ್ನದ ನಂತರ ಉಕ್ಕುತ್ತವೆ, ಮತ್ತು ಇದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಆದ್ದರಿಂದ ತೊರೆಯ ಗೆರೆ ರಸ್ತೆಯನ್ನು ದಾಟುವ ಜಾಗಗಳನ್ನು ಮೊದಲೇ ಗುರುತಿಸಿ, ಅವನ್ನು ಬೆಳಿಗ್ಗೆಯೇ ದಾಟುವಂತೆ ದಿನದ ಪಯಣವನ್ನು ಹೊಂದಿಸಿಕೊಂಡೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಎತ್ತರದ ಮಾಹಿತಿ. ಈ ದಾರಿಯಲ್ಲಿ ಹಲವರು ರಾತ್ರಿ ತಂಗುವ ಸರ್ಚು 4,200 ಮೀಟರಿಗಿಂತ ಎತ್ತರದಲ್ಲಿದೆ. ಸುಮಾರು 2,000 ಮೀಟರ್ ಎತ್ತರದ ಮನಾಲಿಯಿಂದ ಒಂದೇ ದಿನದಲ್ಲಿ ಅಲ್ಲಿಗೆ ಹೋಗಿ ಮಲಗಿದರೆ ತಲೆನೋವು, ವಾಂತಿ ಕಾಡುವ ಸಂಭವ ಹೆಚ್ಚು. ನಕ್ಷೆಯಲ್ಲಿ ಊರುಗಳ ಎತ್ತರವನ್ನು ಹೋಲಿಸಿ ನೋಡಿ, ಸುಮಾರು 3,200 ಮೀಟರ್ ಎತ್ತರದ ಜಿಸ್ಪಾದಲ್ಲಿ ರಾತ್ರಿ ತಂಗಿದೆವು. ಮೊದಲ ಬಾರಿ ಹೋಗುವವರಿಗೆ, ಅದರಲ್ಲೂ ಸಮುದ್ರಮಟ್ಟದ ಕರಾವಳಿಯಿಂದ ಬರುವವರಿಗೆ, ದಾರಿ ಹುಡುಕುವುದಕ್ಕಿಂತ ಮೊದಲು ಈ ಲೆಕ್ಕ ಮಾಡಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಪಯಣದುದ್ದಕ್ಕೂ ಜಿಪಿಎಕ್ಸ್ ಟ್ರ್ಯಾಕ್, ಅಂದರೆ ನಾವು ಸಾಗಿದ ದಾರಿಯ ಗೆರೆ, ಆ್ಯಪ್‌ನಲ್ಲಿ ದಾಖಲಾಗುತ್ತಿತ್ತು. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಫೋನನ್ನು ಕಾರಿನ ಚಾರ್ಜರ್‌ಗೆ ಜೋಡಿಸಿಟ್ಟಿದ್ದೆ. ಅದೇ ನಕ್ಷೆಗಳಿದ್ದ ಇನ್ನೊಂದು ಫೋನು ಸ್ವಿಚ್ ಆಫ್ ಆಗಿ ಬ್ಯಾಗಿನಲ್ಲಿತ್ತು. ಮನೆಗೆ ಮರಳಿದ ಮೇಲೆ ಆ ಟ್ರ್ಯಾಕನ್ನು ನಕ್ಷೆಯ ಮೇಲಿಟ್ಟು ನೋಡಿ, ಹೊಸ ಸೇತುವೆಗೆಂದು ರಸ್ತೆ ಪಕ್ಕಕ್ಕೆ ಸರಿದಿದ್ದ ಒಂದು ಕಡೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಗೆರೆಯನ್ನು ತಿದ್ದಿದೆ.