ಟ್ಯಾಲಿನ್ ನಿಜವಾಗ್ಲೂ ಇಂಟಿಗ್ರಿನ್‌ನ ಹಿಡ್ಕೊಂಡಿದ್ಯಾ? ಲ್ಯಾಬ್‌ನಲ್ಲಿ ಚೆಕ್ ಮಾಡೋದು ಹೀಗೆ

ಸೆಲ್‌ನ ಪೊರೆಯಲ್ಲಿ ಇಂಟಿಗ್ರಿನ್ ಅನ್ನೋ ರಿಸೆಪ್ಟರ್ ಇರತ್ತೆ, ಹೊರಗಡೆ ಫೈಬ್ರೊನೆಕ್ಟಿನ್ (ಸೆಲ್ ಸುತ್ತಲಿನ ಅಂಟಿನಂಥ ಪ್ರೋಟೀನ್) ಥರದ್ದನ್ನ ಹಿಡ್ಕೊಂಡು ಆ ಸುದ್ದೀನ ಒಳಗೆ ಮುಟ್ಸೋದು ಅದರ ಕೆಲಸ. ಒಳಗಡೆ ಸುಮಾರು 7 ನ್ಯಾನೋಮೀಟರ್ ದಪ್ಪದ ಆಕ್ಟಿನ್ ಎಳೆಗಳ ಹಂದರ. ಇವೆರಡಕ್ಕೂ ನಡುವೆ ಇರೋದು ಟ್ಯಾಲಿನ್ ಅನ್ನೋ ಪ್ರೋಟೀನ್, ಅದರ ತಲೆ ಇಂಟಿಗ್ರಿನ್‌ನ ಬೀಟಾ ಬಾಲಕ್ಕೆ (ಅದರ ಎರಡು ಸರಪಳಿಗಳಲ್ಲಿ ಬೀಟಾ ಅನ್ನೋದರ ಸೆಲ್ ಒಳಗಿನ ತುದಿ) ಕೂರತ್ತೆ, ಉದ್ದನೆ ದೇಹ ಆಕ್ಟಿನ್‌ಗೆ ಅಂಟತ್ತೆ. ತಲೆ ಕೂತ್ರೆ ಇಂಟಿಗ್ರಿನ್ ಹೊರಗಿನ ಹಿಡಿತ ಬಿಗಿ ಮಾಡತ್ತೆ, ಆಕ್ಟಿನ್ ಜಗ್ಗಿದ್ರೆ ಟ್ಯಾಲಿನ್ ದೇಹದ ಮಡಿಕೆ ಬಿಚ್ಕೊಂಡು ವಿಂಕ್ಯುಲಿನ್ ಅನ್ನೋ ಇನ್ನೊಂದು ಪ್ರೋಟೀನ್ ಬಂದು ಕೂರೋ ಜಾಗ ತೆರ್ಕೊಳ್ಳತ್ತೆ. ಅಂದ್ರೆ ಸಿಗ್ನಲ್ ಎರಡೂ ಕಡೆ ಓಡಾಡತ್ತೆ, ನಂಗೆ ಈ ವಿಷಯದಲ್ಲಿ ತುಂಬಾ ಇಷ್ಟ ಆಗೋದು ಇದೇ.

ಇದನ್ನ ನೋಡೋಕೆ ಮೊದ್ಲು ಮಾಡೋದು ಕೋ-ಐಪಿ (ಕೋ-ಇಮ್ಯುನೊಪ್ರೆಸಿಪಿಟೇಶನ್): ಆಂಟಿಬಾಡಿಯಿಂದ ಇಂಟಿಗ್ರಿನ್‌ನ ಹಿಡಿದು ಎಳೆದು, ಜೊತೆಗೆ ಟ್ಯಾಲಿನ್ ಬಂತಾ ಅಂತ ನೋಡೋದು.

ಸೆಲ್‌ಗಳು ಫೈಬ್ರೊನೆಕ್ಟಿನ್ ಬಳಿದ ಪ್ಲೇಟ್ ಮೇಲೆ ಚೆನ್ನಾಗಿ ಹರಡಿ ಕೂತಿರ್ಬೇಕು. ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸೋ ಕಿಣ್ವ) ಹಾಕಿ ಎಬ್ಬಿಸ್ಬೇಡಿ, ಎಬ್ಬಿಸಿದ್ರೆ ನೀವು ಹುಡುಕ್ತಿರೋ ಹಿಡಿತಾನೇ ಬಿಟ್ಟೋಗತ್ತೆ. ಪ್ಲೇಟ್‌ನ ಐಸ್ ಮೇಲಿಟ್ಟು ಅಲ್ಲೇ ಬಫರ್ ಹಾಕಿ ಕೆರೆದು ತೆಗೀರಿ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸ್ಕೊಳ್ಬೇಕಾಗಿರೋದು ಡಿಟರ್ಜೆಂಟ್ ಬಗ್ಗೆ. ಪೊರೆ ಪ್ರೋಟೀನ್ ಡಿಟರ್ಜೆಂಟ್ ಇಲ್ದೆ ಹೊರಗೆ ಬರಲ್ಲ, ಆದ್ರೆ ಎಸ್‌ಡಿಎಸ್ ಅನ್ನೋ ಗಡುಸು ಡಿಟರ್ಜೆಂಟ್ ಇರೋ ರೀಪಾ ಬಫರ್ ಹಾಕಿದ್ರೆ ಸಡಿಲ ಹಿಡಿತಗಳು ಕಿತ್ತೋಗಬಹುದು, ಬರೀ 1% ಟ್ರೈಟಾನ್ (ಮೃದು ಡಿಟರ್ಜೆಂಟ್) ಹಾಕಿದ್ರೆ ಆಕ್ಟಿನ್ ಬಲೆಯ ತುಂಬಾ ಭಾಗ ಕರಗದೆ ಸ್ಪಿನ್ ಮಾಡಿದಾಗ ತಳಕ್ಕೆ ಹೋಗತ್ತೆ, ಅದರ ಜೊತೆ ನಿಮಗೆ ಬೇಕಾದ ಟ್ಯಾಲಿನ್ನೂ ಹೋಗತ್ತೆ. ನಾನಂತೂ ಮೃದು ಡಿಟರ್ಜೆಂಟ್‌ನಿಂದಲೇ ಶುರು ಮಾಡಿ, ತಳದ ಪೆಲೆಟ್‌ನೂ ಎಸೀದೆ, ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರ್ಪಡಿಸೋ ಜೆಲ್‌ಗೆ ಹಾಕಿ ಅಂತೀನಿ. ಪ್ರೋಟಿಯೇಸ್ ಇನ್‌ಹಿಬಿಟರ್ ಮರೀಬೇಡಿ. ಕ್ಯಾಲ್ಸಿಯಂ ಸಿಕ್ಕಿದ್ರೆ ಕ್ಯಾಲ್ಪೈನ್ ಅನ್ನೋ ಕಿಣ್ವ ಟ್ಯಾಲಿನ್‌ನ ಕತ್ತರಿಸಿ 47 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ತಲೆ ಒಂದ್ಕಡೆ, ಸುಮಾರು 220ರ ದೇಹ ಒಂದ್ಕಡೆ ಮಾಡತ್ತೆ.

ಆಮೇಲೆ ಲೈಸೇಟ್‌ನ (ಒಡೆದ ಸೆಲ್‌ಗಳ ರಸ) ಬರೀ ಬೀಡ್ಸ್ (ಆಂಟಿಬಾಡಿ ಹಿಡಿಯೋ ಪುಟ್ಟ ಮಣಿಗಳು) ಜೊತೆ ಒಂದು ಗಂಟೆ ತಿರುಗಿಸಿ ಆ ಬೀಡ್ಸ್ ತೆಗೆದುಬಿಡಿ, ಯಾಕಂದ್ರೆ ಆಕ್ಟಿನ್ ಯಾವ ಬೀಡ್‌ಗಾದ್ರೂ ಸುಮ್ಮನೆ ಅಂಟ್ಕೊಳ್ಳತ್ತೆ. ಅರ್ಧ ಲೈಸೇಟ್‌ಗೆ ಇಂಟಿಗ್ರಿನ್ ಆಂಟಿಬಾಡಿ, ಇನ್ನರ್ಧಕ್ಕೆ ಹೋಲಿಕೆಗೆ ಯಾವುದನ್ನೂ ಗುರುತಿಸದ ಸಾದಾ ಐಜಿಜಿ ಆಂಟಿಬಾಡಿ. 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ಬೀಡ್ಸ್ ಸೇರಿಸಿ, ಮೂರ್ನಾಲ್ಕು ಸಲ ತೊಳೀರಿ.

ಟ್ಯಾಲಿನ್ 270 ಕಿಲೋಡಾಲ್ಟನ್, ದೊಡ್ಡದು, ಹಾಗಾಗಿ 6% ಜೆಲ್ ತಗೊಂಡು ಟ್ರಾನ್ಸ್‌ಫರ್‌ಗೆ (ಪ್ರೋಟೀನ್‌ನ ಜೆಲ್‌ನಿಂದ ಹಾಳೆಗೆ ದಾಟ್ಸೋದು) ಜಾಸ್ತಿ ಹೊತ್ತು ಕೊಡಿ. ಬೀಟಾ1 ಇಂಟಿಗ್ರಿನ್ ಬ್ಯಾಂಡ್ ಸುಮಾರು 130ರ ಹತ್ರ ಕಾಣತ್ತೆ, ಅದರ ಕೆಳಗೇ ಇನ್ನೊಂದು ಇರತ್ತೆ, ಅದು ಸಕ್ಕರೆ ಪೂರ್ತಿ ಸೇರದ ಎಳೆ ರೂಪ, ಗಾಬರಿ ಬೇಡ. ಆಕ್ಟಿನ್‌ಗೂ ಬ್ಲಾಟ್ ಮಾಡೋದಾದ್ರೆ (ಆ ಹಾಳೆ ಮೇಲೆ ಆಂಟಿಬಾಡಿಯಿಂದ ಹುಡುಕೋದಾದ್ರೆ) ಅದಕ್ಕೆ ಬೇರೆ ಜೆಲ್ ಓಡಿಸಿ. ಆಕ್ಟಿನ್ 42, ಆಂಟಿಬಾಡಿಯ ಹೆವಿ ಚೈನ್ 50, ಎರಡೂ ಪಕ್ಕಪಕ್ಕದಲ್ಲೇ ಕೂರೋದ್ರಿಂದ ದಪ್ಪ ಕಪ್ಪು ಬ್ಯಾಂಡ್ ನೋಡಿ ಆಕ್ಟಿನ್ ಬಂತು ಅಂತ ಖುಷಿಪಟ್ಟು ಮೋಸ ಹೋಗೋದು ಸುಲಭ.

ಟ್ಯಾಲಿನ್ ಬ್ಯಾಂಡ್ ಬಂತು, ಐಜಿಜಿಯಲ್ಲಿ ಬಂದಿಲ್ಲ ಅಂದ್ಕೊಳ್ಳಿ. ಅಷ್ಟಕ್ಕೇ ನೇರವಾಗಿ ಹಿಡ್ಕೊಂಡಿದೆ ಅಂತ ಹೇಳೋಕಾಗಲ್ಲ, ಆಕ್ಟಿನ್ ಬಲೆಯ ತುಂಡೊಂದು ಇಬ್ಬರನ್ನೂ ಎಳ್ಕೊಂಡು ಬಂದಿರಬಹುದು. ಲ್ಯಾಟ್ರನ್‌ಕ್ಯುಲಿನ್ ಅನ್ನೋ ಮದ್ದು ಹಾಕಿ ಆಕ್ಟಿನ್ ಒಡೆದು ನೋಡ್ತಾರೆ ಕೆಲವ್ರು, ಆದ್ರೆ ಆಗ ಸೆಲ್ ಅಂಟ್ಕೊಂಡಿರೋ ಜಾಗಗಳೇ ಕರಗಿಹೋಗೋದ್ರಿಂದ ನಂಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಅದರ ಬದ್ಲು ಬೀಟಾ1 ಬಾಲದ 783ನೇ ಅಮೈನೋ ಆಮ್ಲ ಟೈರೋಸಿನ್‌ನ ಅಲನಿನ್‌ಗೆ ಬದಲಾಯಿಸಿ, ಟ್ಯಾಲಿನ್ ತಲೆ ಹಿಡ್ಕೊಳ್ಳೋ ಮುಖ್ಯ ಜಾಗ ಅದೇ. ಬ್ಯಾಕ್ಟೀರಿಯಾದಲ್ಲಿ ಮಾಡಿ ಶುದ್ಧ ಮಾಡಿದ ಟ್ಯಾಲಿನ್ ತಲೆ ಮತ್ತು ಬಾಲ ಎರಡನ್ನೇ ಟ್ಯೂಬ್‌ಗೆ ಹಾಕಿ, ಆಕ್ಟಿನ್ ಅಲ್ಲಿ ಇರೋದೇ ಇಲ್ಲ. ಮಾಮೂಲಿ ಬಾಲದಲ್ಲಿ ಬ್ಯಾಂಡ್ ಇದ್ದು ಬದಲಾಯಿಸಿದ್ದರಲ್ಲಿ ಮಾಯ ಆದ್ರೆ ಹಿಡಿತ ನೇರವಾದ್ದು. ಸೆಲ್ ಒಳಗೆ ಮಾಡಿದಾಗ ಮಾತ್ರ ಬದಲಾಯಿಸಿದ ಬಾಲದಲ್ಲೂ ಬ್ಯಾಂಡ್ ಉಳಿದ್ರೆ, ಎಳೆದು ತಂದ ಅದೇ ಸ್ಯಾಂಪಲ್‌ನ ಫಿಲಮಿನ್ ಅನ್ನೋ ಪ್ರೋಟೀನ್‌ಗೆ ಬ್ಲಾಟ್ ಮಾಡಿ ನೋಡಿ. ಅದೂ ಇದೇ ಬಾಲಕ್ಕೆ ಕೂರತ್ತೆ, ಅದೂ ಆಕ್ಟಿನ್ ಹಿಡ್ಕೊಂಡೇ ಬರತ್ತೆ.