ಎಸಿ ಗ್ಯಾಸ್ ಹಾಕುವ ಮುಂಚೆ ಬಾನೆಟ್ ಎತ್ತಿ ನೋಡಿ

ಕಾರಿನ ಎಸಿ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಹಾಕಿದ ಗ್ಯಾಸೇ ವರ್ಷಗಟ್ಟಲೆ ಪೈಪುಗಳೊಳಗೆ ಸುತ್ತುತ್ತಿರುತ್ತದೆ. ಜೋಡಣೆಗಳಲ್ಲಿರುವ ರಬ್ಬರ್ ಉಂಗುರ (ಓರಿಂಗ್)ಗಳಿಂದ ವರ್ಷಕ್ಕಿಷ್ಟು ಜಿನುಗುವುದು ಸಹಜ. ಆದರೆ ಹೋದ ಬೇಸಿಗೆಯಲ್ಲಿ ಹಾಕಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಎಲ್ಲೋ ಸೋರುತ್ತಿದೆ. ಆ ತೂತು ಮುಚ್ಚದೆ ಪ್ರತಿ ಏಪ್ರಿಲ್‌ಗೆ ಗ್ಯಾಸ್ ಹೊಡೆಸುವುದು ದುಡ್ಡು ಗಾಳಿಗೆ ಬಿಟ್ಟಂತೆ.

ನಮ್ಮ ಕಡೆ ಮೊದಲ ಅನುಮಾನ ಕಂಡೆನ್ಸರ್ ಮೇಲಿರಲಿ. ರೇಡಿಯೇಟರಿನ ಮುಂದೆ, ಗ್ರಿಲ್ ಹಿಂದೆ ಕೂತಿರುವ ಜಾಲರಿ ಅದು. ಸಂಡೂರಿನ ಅದಿರು ಲಾರಿಗಳ ಕೆಂಧೂಳು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಹೊಟ್ಟು, ರಾಯಚೂರಿನ ಹತ್ತಿ ಎಳೆ ಎಲ್ಲವೂ ಅದರ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೊರಗೆ 42 ಡಿಗ್ರಿ ಬಿಸಿಲು, ಜಾಲರಿಯಲ್ಲಿ ಗಾಳಿ ಆಡದಿದ್ದರೆ ಗ್ಯಾಸಿನ ಕಾವು ಇಳಿಯುವುದೆಲ್ಲಿ? ಬೆಳಿಗ್ಗೆ ತಂಪು ಚೆನ್ನಾಗಿದ್ದು ಮಧ್ಯಾಹ್ನ ಕೈಕೊಟ್ಟರೆ, ಅಥವಾ ಓಡುವಾಗ ತಂಪಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಗಾಳಿ ಬಂದರೆ, ಗ್ಯಾಸಿಗಿಂತ ಮೊದಲು ಕಂಡೆನ್ಸರನ್ನೂ ಅದರ ಫ್ಯಾನನ್ನೂ ನೋಡಬೇಕು.

ತೊಳೆಯುವುದು ಇಂಜಿನ್ ಪೂರ್ತಿ ಆರಿದ ಮೇಲೆ. ಗಿಡಕ್ಕೆ ನೀರು ಬಿಡುವ ಪೈಪು ಸಾಕು; ಪ್ರೆಷರ್ ವಾಷರ್ ಹಿಡಿದರೆ ಜಾಲರಿಯ ತೆಳ್ಳನೆಯ ಲೋಹದ ಎಲೆಗಳು ಮಡಚಿಕೊಂಡು ಇರುವ ದಾರಿಯೂ ಮುಚ್ಚುತ್ತದೆ. ಒಣಗಿದ ಕೆಮ್ಮಣ್ಣು ಒಂದೇ ಸಲಕ್ಕೆ ಬಿಡುವುದಿಲ್ಲ. ಮೊದಲು ನೆನೆಸಿ ಹತ್ತು ನಿಮಿಷ ಬಿಡಿ, ಮೆತ್ತನೆಯ ಬ್ರಷ್ಷನ್ನು ಎಲೆಗಳು ನಿಂತ ದಿಕ್ಕಿನಲ್ಲೇ ಆಡಿಸಿ, ನೀರು ತಿಳಿಯಾಗುವ ತನಕ ಹರಿಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಹತ್ತಿ, ಹೊಟ್ಟು ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಬಿಟ್ಟರೆ ತೊಳೆದೂ ಪ್ರಯೋಜನವಿಲ್ಲ. ಆಮೇಲೆ ಇಂಜಿನ್ ಶುರುಮಾಡಿ ಎಸಿ ಹಾಕಿ, ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಹೀಗೆ ಒಂದೊಂದಾಗಿ ಪರೀಕ್ಷಿಸಿ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಡ್ಯಾಷ್‌ಬೋರ್ಡಿನ ಡಬ್ಬಿಯ ಹಿಂದಿದೆ. ಮೊದಲು ತಂಪಿದ್ದು ಅರ್ಧ ಗಂಟೆಯಲ್ಲಿ ಗಾಳಿಯೇ ನಿಂತರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ. ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ನೀರು ಹೊರಹೋಗುವ ಕೊಳವೆ ಕಟ್ಟಿದೆ. ಈ ಮೂರಕ್ಕೂ ಮೊದಲ ಮದ್ದು ಗ್ಯಾಸ್ ಅಲ್ಲ.

ಇಷ್ಟಾದರೂ ತಂಪಿಲ್ಲವೆಂದರೆ ಬಾನೆಟ್ ಅಡಿಯ ಚೀಟಿ ಓದಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ಆರ್-134ಎ, ಚಿಕ್ಕ ಕಾರುಗಳಿಗೆ ಅರ್ಧ ಕೆಜಿಯ ಆಸುಪಾಸು. ಆರ್-1234ವೈಎಫ್ ಎಂದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಅದಕ್ಕೆ ಬೆಂಕಿ ತಗಲುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳನ್ನೂ ಮುಟ್ಟಬೇಡಿ: ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ಹೈ ವೋಲ್ಟೇಜ್ ಬರುತ್ತದೆ, ಅದರ ಎಣ್ಣೆಯೂ ಬೇರೆ. ಅಗ್ಗಕ್ಕೆ ಸಿಗುವ ಗುರುತಿಲ್ಲದ ಗ್ಯಾಸ್ ಡಬ್ಬಿ ಬೇಡವೇ ಬೇಡ. ಅಡುಗೆ ಗ್ಯಾಸಿನಂಥದ್ದು ಬೆರೆತಿದ್ದರೆ ಸೋರಿದಾಗ ಕಾರೊಳಗೆ ಬೆಂಕಿ ಹತ್ತೀತು.

ಇಂಜಿನ್ ನಿಲ್ಲಿಸಿ, ಗ್ಯಾಸ್ ತುಂಬುವ ಕಿಟ್ಟಿನ, ಒತ್ತಡ ತೋರಿಸುವ ಗೇಜ್ ಇರುವ ಪೈಪನ್ನು ಲೋ ಸೈಡಿಗೆ, ಅಂದರೆ ಒತ್ತಡ ಕಡಿಮೆಯಿರುವ ಕಡೆಯ ವಾಲ್ವಿಗೆ ಕೂರಿಸಿ. ದಪ್ಪ ಪೈಪಿನ ಮೇಲೆ, ಮುಚ್ಚಳದಲ್ಲಿ ‘ಎಲ್’ ಎಂದಿರುವುದು ಅದು. ಹೈ ಸೈಡಿನ ಒತ್ತಡ ಡಬ್ಬಿಗೆ ನುಗ್ಗಿದರೆ ಡಬ್ಬಿ ಸಿಡಿಯುತ್ತದೆ, ಆ ಕಡೆ ಹೋಗಲೇಬೇಡಿ. ಕನ್ನಡಕ, ಗ್ಲೌಸ್ ಹಾಕಿಕೊಂಡು ಬಯಲಲ್ಲಿ ಕೆಲಸ ಮಾಡಿ. ದ್ರವ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣು ಹೋಗಬಹುದು.

ನಿಂತ ಗಾಡಿ 40 ಡಿಗ್ರಿಯಲ್ಲಿದ್ದರೆ ಗೇಜ್ ಸುಮಾರು 130 ಪಿಎಸ್‌ಐ (ಒತ್ತಡದ ಅಳತೆ) ತೋರಿಸಬೇಕು. ಒಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ ಮುಳ್ಳು ಅಲ್ಲಿಗೇ ಬರುತ್ತದೆ, ಹಾಗಾಗಿ ಇದರಿಂದ ಗ್ಯಾಸ್ ಎಷ್ಟಿದೆಯೆಂದು ತಿಳಿಯದು. ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ ಬಹುಪಾಲು ಹೋಗಿದೆ ಎಂದರ್ಥ. ಸೊನ್ನೆಗೆ ಬಂದಿದ್ದರೆ ಗಾಳಿ, ತೇವ ಒಳಹೊಕ್ಕಿರುತ್ತವೆ. ಡಬ್ಬಿ ಪಕ್ಕಕ್ಕಿಡಿ: ಸೋರಿಕೆ ಸರಿಮಾಡಿ, ಅರ್ಧದಿಂದ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು (ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆದು), ಆ ವ್ಯಾಕ್ಯೂಮ್ ಇಳಿಯದೆ ಹಾಗೇ ಉಳಿಯುತ್ತದೆಯೇ ನೋಡಿ, ಚೀಟಿಯಲ್ಲಿದ್ದಷ್ಟೇ ತೂಗಿ ತುಂಬಬೇಕು. ಅದು ಮಿಷಿನ್ ಇರುವ ಗ್ಯಾರೇಜಿನ ಕೆಲಸ. ಗ್ಯಾಸ್ ಕಡಿಮೆಯಾದಾಗ ಕಂಪ್ರೆಸರ್ ನಿಲ್ಲಿಸುವ ಪ್ರೆಷರ್ ಸ್ವಿಚ್ಚಿಗೆ ವೈರ್ ಸಿಕ್ಕಿಸಿ, ಅದನ್ನು ತಪ್ಪಿಸಿ ಓಡಿಸುವವರಿದ್ದಾರೆ. ಗ್ಯಾಸಿನ ಜೊತೆಗೇ ಎಣ್ಣೆ ಸುತ್ತುವುದರಿಂದ ಖಾಲಿ ಓಡಿಸಿದ ಕಂಪ್ರೆಸರ್ ಜಾಮ್ ಆಗುತ್ತದೆ.

ಒಂದಿಷ್ಟೇ ಕಡಿಮೆಯಿದ್ದರೆ ಮಾತ್ರ ಟಾಪ್‌ಅಪ್. ಇಂಜಿನ್ 1500 ಆರ್‌ಪಿಎಂ, ಎಸಿ ಪೂರ್ತಿ, ಬ್ಲೋವರ್ ಜೋರು, ಕಿಟಕಿಗಳು ತೆರೆದಿರಲಿ. ಈ ಬಿಸಿಲಲ್ಲಿ ಲೋ ಸೈಡ್ 40ರಿಂದ 55 ಪಿಎಸ್‌ಐ ಇದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದೂ ತಂಪಿಲ್ಲವೆಂದರೆ ಗ್ಯಾಸ್ ಹಾಕಬಾರದು: ಕಂಪ್ರೆಸರ್ ಸೋತಿರಬಹುದು, ಗ್ಯಾಸ್ ಆಗಲೇ ಹೆಚ್ಚಾಗಿರಬಹುದು. ಕಡಿಮೆಯಿದ್ದರೆ ಡಬ್ಬಿಯನ್ನು ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ತೂಕ ಬರೆದುಕೊಳ್ಳಿ. ಪೈಪಿನೊಳಗಿನ ಗಾಳಿಯನ್ನು ಕಿಟ್ಟಿನಲ್ಲಿ ಹೇಳಿದಂತೆ ಹೊರಹಾಕಿ. ಡಬ್ಬಿ ನೆಟ್ಟಗಿರಲಿ, ತಲೆಕೆಳಗು ಮಾಡಿದರೆ ದ್ರವ ಕಂಪ್ರೆಸರಿಗೆ ನುಗ್ಗಿ ಒಳಗಿನ ಭಾಗ ಮುರಿಯುತ್ತದೆ. 50 ಗ್ರಾಂ ಹೋಗಲಿ, ವಾಲ್ವ್ ಮುಚ್ಚಿ, ಐದು ನಿಮಿಷ ಕಾಯಿರಿ, ನಡುವಿನ ವೆಂಟ್‌ನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಉಷ್ಣತೆ ಇಳಿಯುವುದು ನಿಂತಿತೆಂದರೆ ನಿಲ್ಲಿಸಿ. ಕಿಟಕಿ ಮುಚ್ಚಿ ಒಳಗಾಳಿಯನ್ನೇ ಸುತ್ತಿಸಿದಾಗ, ಹೊರಗೆ 40 ಇದ್ದರೆ ವೆಂಟ್‌ನಲ್ಲಿ 12ರಿಂದ 15 ಡಿಗ್ರಿ ಒಳ್ಳೆಯ ತಂಪೇ. ಇನ್ನೂ ಕೊರೆಯಲೆಂದು ಹೆಚ್ಚಿಗೆ ತುಂಬಿದರೆ ಒತ್ತಡ ಏರಿ ಇದ್ದ ತಂಪೂ ಹೋಗುತ್ತದೆ. 150 ಗ್ರಾಂ ಹೋದರೂ ಬದಲಾವಣೆ ಕಾಣದಿದ್ದರೆ ಮುಂದುವರಿಸಬೇಡಿ.

ಕೊನೆಗೆ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಎಣ್ಣೆ ಜಿನುಗಿ ಅದರ ಮೇಲೆ ಧೂಳು ಮೆತ್ತಿದ ಜಾಗ ಕಂಡರೆ ಸಾಮಾನ್ಯವಾಗಿ ಸೋರಿಕೆ ಅಲ್ಲೇ. ಲೋ ಸೈಡಿನ ವಾಲ್ವಿನೊಳಗಿನ ಪಿನ್ನನ್ನೂ ಬಿಡದೆ ನೋಡಿ, ಮುಚ್ಚಳ ಬಿಗಿಯಾಗಿ ತಿರುಗಿಸಿ. ಸೋರಿಕೆ ಮುಚ್ಚುವ ದ್ರಾವಣ ಬೆರೆಸಿದ ಡಬ್ಬಿ ಬಳಸಿದ್ದರೆ ಗ್ಯಾರೇಜಿನವರಿಗೆ ಮೊದಲೇ ಹೇಳಿಬಿಡಿ, ಅದು ಅವರ ಮಿಷಿನ್ನನ್ನೂ ಕೆಡಿಸುತ್ತದೆ.